ಬಾಸ್ಟೀಲ್ ಕಟ್ಟಲು ರಟ್ಟು ತರಬೇಡಿ

ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಮೊದಲ ವರ್ಷ ಫ್ರಾನ್ಸಿನ ಕ್ರಾಂತಿಯ ಪಾಠಕ್ಕೆ ನಾಟಕ ಆಡಿಸಿದ್ದೆ. ಪ್ಯಾರಿಸಿನ ಸೆರೆಮನೆಯಾಗಿದ್ದ ಬಾಸ್ಟೀಲ್ ಕೋಟೆಯನ್ನು ಟಿ.ವಿ. ಪೆಟ್ಟಿಗೆಯ ರಟ್ಟಿನಲ್ಲಿ ಕಟ್ಟಿದ್ದೆವು; ಅದು ಉರುಳಿತು, ತರಗತಿ ಕುಣಿಯಿತು. ಪರೀಕ್ಷೆಯಲ್ಲಿ ಮುಕ್ಕಾಲು ಮಂದಿ, 1789ರ ಜುಲೈ 14ರಂದು ರಾಜನನ್ನು ಇಳಿಸಲಾಯಿತು ಎಂದು ಬರೆದರು. ಆ ದಿನ ಬಿದ್ದದ್ದು ಬಾಸ್ಟೀಲ್ ಮಾತ್ರ, ಅರಸೊತ್ತಿಗೆ ಆಮೇಲೂ ಮೂರು ವರ್ಷ ಉಸಿರಾಡಿತ್ತು. ಹೊಸ ಮೇಷ್ಟ್ರುಗಳು ನನ್ನಂತೆ ಎಡವಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅರಸನನ್ನು ಪರಿಚಯಿಸಲು ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರವನ್ನು ನೆನಪಿಸಿ. ಅದನ್ನು ಕಟ್ಟಿಸಿದ ಟಿಪ್ಪು ಕಳುಹಿಸಿದ ಮೂವರು ರಾಯಭಾರಿಗಳನ್ನು ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ತನ್ನ ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಆ ದಿನಾಂಕವನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ.

ಮುಂದಿನದು ಹೊಟ್ಟೆಯ ಲೆಕ್ಕ. ಮನೆಯಲ್ಲಿ ಕುಚ್ಚಲಕ್ಕಿಯ ಬೆಲೆ ಕೇಳಿಕೊಂಡು ಬರಲು ಹಿಂದಿನ ದಿನವೇ ಹೇಳಿ. 1788ರಲ್ಲಿ ಫ್ರಾನ್ಸಿನಲ್ಲಿ ಆಲಿಕಲ್ಲು ಮಳೆ ಬೆಳೆಯನ್ನು ಹೊಡೆದು ಹಾಕಿತ್ತು. ಮರುವರ್ಷದ ಆರಂಭದಲ್ಲಿ ಪ್ಯಾರಿಸಿನಲ್ಲಿ ಸುಮಾರು ಎರಡು ಕಿಲೋ ತೂಕದ ಬ್ರೆಡ್ಡಿಗೆ 14.5 ಸೂ (ಅಂದಿನ ಫ್ರೆಂಚ್ ನಾಣ್ಯ), ಕೂಲಿಯವನ ದಿನದ ಸಂಪಾದನೆ 20ರಿಂದ 30 ಸೂ. ಭಾಗಾಕಾರವನ್ನು ಮಕ್ಕಳೇ ಮಾಡಲಿ. ಗಂಜಿಗೇ ಅರ್ಧಕ್ಕೂ ಮಿಕ್ಕಿ ಕೂಲಿ ಹೋದರೆ ಮನೆಯಲ್ಲಿ ಏನಾಗುತ್ತದೆಂದು ಮೀನುಗಾರರ ಮಕ್ಕಳಿಗೆ ನಾವು ವಿವರಿಸಬೇಕಾಗಿಲ್ಲ.

ಬಾಸ್ಟೀಲಿಗೆ ಐದು ನಿಮಿಷ ಸಾಕು. ಒಳಗಿದ್ದ ಕೈದಿಗಳು ಏಳೇ ಮಂದಿ. ಜನ ಬಂದದ್ದು ಮದ್ದಿನ ಪುಡಿಗೆ. ಆದರೆ ಹಲಗೆಯ ಮೇಲೆ ಒಂದು ಕಾಲಂ ಎಳೆದು, ಆ ದಿನ ಬಂದೂಕು ಹಿಡಿದವರು ಯಾರ ಕಡೆಗಿದ್ದರು ಎಂದು ಕೇಳಿ. ರಾಜನದೇ ಫ್ರೆಂಚ್ ಗಾರ್ಡ್‌ನ ಸಿಪಾಯಿಗಳು ಫಿರಂಗಿ ಎಳೆದುಕೊಂಡು ಜನರ ಕಡೆಗೆ ಬಂದಿದ್ದರು. ಅಕ್ಟೋಬರ್ 5ಕ್ಕೂ ಅದೇ ಪ್ರಶ್ನೆ. ಪ್ಯಾರಿಸಿನ ಹೆಂಗಸರು ಬ್ರೆಡ್ ಕೇಳುತ್ತಾ ಮಳೆಯಲ್ಲಿ ವರ್ಸೇಲ್ಸ್‌ವರೆಗೆ ಸುಮಾರು 20 ಕಿಲೋಮೀಟರ್ ನಡೆದರು. ಹಂಪನಕಟ್ಟೆಯಿಂದ ಹೊರಟು ಸುರತ್ಕಲ್ ದಾಟಿದಷ್ಟು ದೂರ. ಅವರ ಬೆನ್ನಿಗೆ ರಾಷ್ಟ್ರೀಯ ಪಡೆ ಎಂಬ ನಾಗರಿಕರ ಸಶಸ್ತ್ರ ದಳವೂ ಹೊರಟಿತು. ಮರುದಿನ ರಾಜನ ಸಂಸಾರವೇ ಪ್ಯಾರಿಸಿಗೆ ಬರಬೇಕಾಯಿತು.

ಈಗ ನಿಧಾನಿಸಿ. ಅಲ್ಲಿಯವರೆಗೂ ಬೈಗುಳವೆಲ್ಲ ರಾಣಿಗೆ, ಮಂತ್ರಿಗಳಿಗೆ. ದೊರೆ ಒಳ್ಳೆಯವನೇ ಎಂದು ನಂಬಿದವರು ಬಹಳ. 1791ರ ಜೂನ್ 20ರ ರಾತ್ರಿ ಲೂಯಿ ಸೇವಕನ ವೇಷ ಹಾಕಿ, ಹೆಂಡತಿ ಮಕ್ಕಳೊಂದಿಗೆ ಗಾಡಿ ಹತ್ತಿ ಓಡಿದ. ತಾನು ಈವರೆಗೆ ಒಪ್ಪಿದ್ದೆಲ್ಲ ಬಲವಂತಕ್ಕೆ ಎಂದು ಕಾಗದವನ್ನೂ ಬರೆದಿಟ್ಟ! ದಾರಿಯಲ್ಲಿ ಅಂಚೆ ಕುದುರೆಗಳ ಠಾಣೆಯ ಯಜಮಾನ ದ್ರೂವೆ ಗುರುತು ಹಿಡಿದ. ವರೆನ್ ಎಂಬ ಊರಿನಲ್ಲಿ ತಡೆದರು. ಆ ಕಾಗದದ ಮೇಲೆ ಒಂದಿಡೀ ಪೀರಿಯಡ್ ಕಳೆದರೂ ನಷ್ಟವಿಲ್ಲ.

ಕೊನೆಗೆ ಮೂಲೆಯ ದಿನಾಂಕದ ಕೆಳಗೆ 1792ರ ಆಗಸ್ಟ್ 10 ಎಂದು ಬರೆಯಿರಿ. ಅಂದು ಪ್ಯಾರಿಸಿನಲ್ಲಿ ರಾಜ ವಾಸವಿದ್ದ ಟ್ಯೂಲರಿ ಅರಮನೆಯ ಮೇಲೆ ಜನ ನುಗ್ಗಿದಾಗ ರಾಷ್ಟ್ರೀಯ ಪಡೆಯ ಬಹುಪಾಲು ಅವರೊಂದಿಗೆ ಸೇರಿತು. ಕಾದಾಡಲು ಉಳಿದವರು ಮುಖ್ಯವಾಗಿ ಸ್ವಿಸ್ ಕಾವಲುಗಾರರು. ನೂರಾರು ಮಂದಿ ಸತ್ತರು. ರಾಜ ಮೊದಲೇ ಶಾಸನಸಭೆಗೆ ನಡೆದು ಹೋಗಿದ್ದ. ಸೆಪ್ಟೆಂಬರ್ 21ರಂದು ಅರಸೊತ್ತಿಗೆ ರದ್ದಾಯಿತು. ಬಂದೂಕು ಹಿಡಿದವರ ಕಾಲಂ ತುಂಬಿದೆಯೇ, ನೋಡಿ.

ಇಷ್ಟಾದ ಮೇಲೂ ನಾಟಕ ಬೇಕೆಂದು ಮಕ್ಕಳು ಹಟ ಹಿಡಿದರೆ ವರೆನ್ ಆಡಿಸಿ. ಗಾಡಿಗೆ ಒಂದು ಬೆಂಚು, ದೊರೆಗೆ ಒಂದು ಹಳೆಯ ಟೋಪಿ ಸಾಕು.