ಎನ್100 ಡಬ್ಬಿಯ ಮೇಲೆ ಡಿಟಿಪಿ ಅಂಗಡಿ

ಇಂಟೆಲ್‌ನ ಆರು ವಾಟ್‌ನ ಎನ್100 ಪ್ರೊಸೆಸರ್ ಇರುವ ಡಬ್ಬಿಯಂಥ ಮಿನಿ ಪಿಸಿ ನಂಬಿ ಡಿಟಿಪಿ ಅಂಗಡಿ ನಡೆಸುತ್ತೇನೆ ಎಂದಾಗ ನಮ್ಮ ಓಣಿಯ ಕಂಪ್ಯೂಟರ್ ರಿಪೇರಿಯವರು ‘ಅದರಲ್ಲಿ ಯೂಟ್ಯೂಬ್ ನೋಡಬಹುದು, ಅಷ್ಟೇ’ ಎಂದು ನಕ್ಕಿದ್ದರು. ಎರಡು ಮದುವೆ ಸೀಸನ್ ದಾಟಿದೆ. ಮೊನ್ನೆ ಅವರೇ ಬಂದು ಯಾವ ಮಾಡೆಲ್ ಎಂದು ಬರೆದುಕೊಂಡು ಹೋದರು.

ನಾನು ಈ ಮಿನಿ ಪಿಸಿಯನ್ನು ಆರಿಸಿದ್ದು ವೇಗ ನೋಡಿ ಅಲ್ಲ, 12 ವೋಲ್ಟ್ ಅಡಾಪ್ಟರ್ ನೋಡಿ. ಕರೆಂಟ್ ಹೋದಾಗ 12 ವೋಲ್ಟ್ ಬ್ಯಾಟರಿಯಿಂದಲೇ ಓಡಿಸಬೇಕಿತ್ತು. ಕಂಪನಿಗಳು ಕೈಬಿಟ್ಟ ಹಳೆಯ ಮಿನಿಗಳು ಅರ್ಧ ಬೆಲೆಗೆ ಸಿಗುತ್ತವೆ, ಆದರೆ ಅವಕ್ಕೆ 19–20 ವೋಲ್ಟ್ ಬೇಕು. ಡಬ್ಬಿಗೆ ಹದಿನಾಲ್ಕು ಸಾವಿರದ ಆಸುಪಾಸು ಕೊಟ್ಟ ನೆನಪು. ಒಳಗಿದ್ದ ಹೆಸರಿಲ್ಲದ ಎಸ್‌ಎಸ್‌ಡಿ ಕೆಲವೇ ತಿಂಗಳಲ್ಲಿ, ಲಗ್ನಪತ್ರಿಕೆಗಳ ಭರಾಟೆಯ ನಡುವೆ, ಪಿಸಿಯ ಮೂಲ ಸೆಟ್ಟಿಂಗ್ ಪರದೆಯಾದ ಬಯೋಸ್‌ನಿಂದಲೇ ಮಾಯವಾಯಿತು. ಹೊಸ 500 ಜಿಬಿಗೆ ಮೂರು ಸಾವಿರ ಹೋಯಿತು. ಇಂಥ ಎಷ್ಟೋ ಡಬ್ಬಿಗಳಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್‌ಗೆ ಒಂದೋ ಎರಡೋ ಲೇನ್ (ದತ್ತಾಂಶ ಹರಿಯುವ ದಾರಿ) ಮಾತ್ರ. ಹಾಗಾಗಿ ಹೆಚ್ಚು ವೇಗದ ಜೆನ್4 ಎಸ್‌ಎಸ್‌ಡಿಗೆ ದುಡ್ಡು ಸುರಿಯುವುದು ದಂಡ. ರ‍್ಯಾಮ್ ಒಂದೇ ಸ್ಲಾಟ್, ಹಾಗಾಗಿ 8 ಜಿಬಿ ತೆಗೆದು 16 ಹಾಕಿದೆ. ಏಪ್ರಿಲ್ ಬಿಸಿಲಿಗೆ ಡಬ್ಬಿ ಮುಟ್ಟಲಾಗದಷ್ಟು ಕಾಯುತ್ತಿತ್ತು. ಪ್ರೊಸೆಸರ್ ಆರು ವಾಟ್‌ನದ್ದಾದರೂ ತಯಾರಕರು ಬಯೋಸ್‌ನಲ್ಲಿ ಪವರ್ ಲಿಮಿಟ್ 20 ವಾಟ್‌ಗೆ ಇಟ್ಟಿದ್ದರು, 10ಕ್ಕೆ ಇಳಿಸಿದೆ. ಪುಟ ಕಟ್ಟುವಾಗ ವ್ಯತ್ಯಾಸವೇ ತಿಳಿಯಲಿಲ್ಲ.

ಜೊತೆಗೆ ಬಂದಿದ್ದ ವಿಂಡೋಸ್ 11 ಅಳಿಸಿ ಡೆಬಿಯನ್ 12 ಲಿನಕ್ಸ್ ಹಾಕಿದಾಗ ವೈಫೈ ಸತ್ತಿತು. ಒಳಗಿದ್ದ ವೈಫೈ ಚಿಪ್ ರಿಯಲ್‌ಟೆಕ್ 8852ಬಿಇ, ಡೆಬಿಯನ್ 12ರ ತಿರುಳಾದ 6.1 ಕರ್ನಲ್‌ನಲ್ಲಿ ಅದಕ್ಕೆ ಡ್ರೈವರ್ ಇಲ್ಲ. ಬ್ಯಾಕ್‌ಪೋರ್ಟ್ಸ್‌ನಿಂದ (ಹಳೆಯ ಆವೃತ್ತಿಗೆ ಹೊಂದಿಸಿದ ಹೊಸ ತಂತ್ರಾಂಶಗಳ ಭಂಡಾರ) ಹೊಸ ಕರ್ನಲ್ ಏರಿಸಿದ ಮೇಲೆ ಸರಿಹೋಯಿತು. ಈಗ ಹಾಕುವವರು ನೇರವಾಗಿ 13 ಹಾಕಿ, 6.12 ಇದೆ, ಈ ರಗಳೆಯೇ ಇಲ್ಲ.

‘ಲಿನಕ್ಸ್‌ನಲ್ಲಿ ಕನ್ನಡಕ್ಕೆ ಏನು ಮಾಡುತ್ತೀರಿ?’ ಎಂದು ಎಲ್ಲರೂ ಕೇಳುತ್ತಿದ್ದರು. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹದ ಕೆಜಿಪಿ ವಿನ್ಯಾಸವಿದೆ, ನುಡಿ ತಂತ್ರಾಂಶದ್ದೂ ಅದೇ. ನುಡಿಗೆ ಪಳಗಿದ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ಪುಟ ಕಟ್ಟುವ ತಂತ್ರಾಂಶ ಸ್ಕ್ರೈಬಸ್‌ನ 1.4ರಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು, 1.6ರಲ್ಲಿ ನೆಟ್ಟಗೆ ಕೂರುತ್ತವೆ. ನಿಜವಾದ ತಲೆನೋವು ಯುನಿಕೋಡ್‌ಗೆ ಮುಂಚಿನ ಹಳೆಯ ನುಡಿ ಆಸ್ಕಿ ಫೈಲ್‌ಗಳದ್ದು. ಅಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕಗಳು ಅಲ್ಲೇ ಎಡವುತ್ತವೆ. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಇನ್ನು ಬ್ಯಾಟರಿ ಪ್ರಯೋಗ. 12 ವೋಲ್ಟ್, 26 ಎಎಚ್‌ನ (ಆಂಪಿಯರ್-ಅವರ್) ಲೆಡ್ ಆ್ಯಸಿಡ್ ಬ್ಯಾಟರಿ ಸುಮಾರು ಎರಡೂವರೆ ಸಾವಿರಕ್ಕೆ ಸಿಕ್ಕಿತು. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ, ಆದ್ದರಿಂದ ನಡುವೆ ವೋಲ್ಟೇಜ್ ಏರಿಳಿದರೂ 12ಕ್ಕೇ ನಿಲ್ಲಿಸುವ ಬಕ್-ಬೂಸ್ಟ್ ಕನ್ವರ್ಟರ್ ಇಡಲೇಬೇಕು. ಮೊದಲು ತಂದ ಅಗ್ಗದ ಕನ್ವರ್ಟರ್ ಒಂದು ವಾರದಲ್ಲೇ ಸುಟ್ಟು ವಾಸನೆ ಹೊಡೆಯಿತು. ಈಗಿನದಕ್ಕೆ ಹಾಕಿದ ಫ್ಯೂಸ್ ಲೆಕ್ಕವನ್ನು ಅಂಗಡಿಗೆ ಬಂದರೆ ತೋರಿಸುತ್ತೇನೆ. ಡಬ್ಬಿ, 12 ವೋಲ್ಟ್ ಮಾನಿಟರ್ ಸೇರಿ ಮೂವತ್ತು ವಾಟ್ ಹಿಡಿಯಿರಿ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆಯೇ ನಾಲ್ಕು ತಾಸಿಗೂ ಹೆಚ್ಚು ಓಡುತ್ತದೆ. ಲೇಸರ್ ಪ್ರಿಂಟರ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಕರೆಂಟ್ ಬರುವಷ್ಟರಲ್ಲಿ ಪ್ರೂಫನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಗಿರಾಕಿಯ ಒಪ್ಪಿಗೆಯನ್ನೂ ಮುಂಗಡವನ್ನೂ ಪಡೆದಿರುತ್ತೇನೆ.