ಫಾರಿನ್ ಟ್ರಿಪ್: ಟಿಕೆಟ್ ಆಮೇಲೆ, ಮೊದಲು ಹೆಸರು ಸರಿ ಮಾಡಿಕೊಳ್ಳಿ

ಫೋನಿನಲ್ಲಿ ಅಗ್ಗದ ಟಿಕೆಟ್ ಕಂಡ ಕೂಡಲೇ ಬುಕ್ ಮಾಡಿ, ಆಮೇಲೆ ಬೀರುವಿನಲ್ಲಿ ಪಾಸ್‌ಪೋರ್ಟ್ ಹುಡುಕುವವರು ನಮ್ಮ ತುಮಕೂರಿನಲ್ಲಿ ಕಡಿಮೆ ಇಲ್ಲ. ನಮ್ಮ ಬಡಾವಣೆಯಲ್ಲಿ ಯಾರಾದರೂ ವಿದೇಶಕ್ಕೆ ಹೊರಟರೆ ಒಂದಲ್ಲ ಒಂದು ಕಾಗದ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅವರು ತರುವ ತಕರಾರು ಹೊರದೇಶದ್ದಾಗಿರುವುದು ಅಪರೂಪ. ಎಲ್ಲಾ ಇಲ್ಲಿಯದೇ. ದುಡ್ಡು ಪೋಲಾಗುವುದೂ ಮನೆ ಬಿಡುವ ಮುಂಚೆಯೇ. ಹಾಗಾಗಿ ಈ ಕ್ರಮ ತಪ್ಪಿಸಬೇಡಿ: ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆ, ದುಡ್ಡು, ಬ್ಯಾಗು.

ಹೆಜ್ಜೆ 1: ಪಾಸ್‌ಪೋರ್ಟ್ ಅರ್ಜಿ

ಇದು ಸುಲಭ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000. ಹತ್ತು ವರ್ಷ ನಡೆಯುತ್ತೆ. ಅರ್ಜಿ ಹಾಕುವ ತಾಣ ಒಂದೇ, ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಒತ್ತಿದರೆ ಸರ್ಕಾರದ್ದರ ಹಾಗೇ ಕಾಣುವ ಬೇರೆ ತಾಣಕ್ಕೆ ಹೋಗುತ್ತೀರಿ. ಅಲ್ಲಿ ಕಟ್ಟಿದ ದುಡ್ಡು ಹೋಯಿತು ಅಂತಲೇ ಲೆಕ್ಕ.

ಹತ್ತನೇ ಕ್ಲಾಸ್ ಪಾಸಾಗಿದ್ದರೆ ಅಂಕಪಟ್ಟಿ ಕೊಡಿ. ಇಲ್ಲದಿದ್ದರೆ ಪಾಸ್‌ಪೋರ್ಟ್‌ನಲ್ಲಿ ಇಸಿಆರ್, ಅಂದರೆ ಎಮಿಗ್ರೇಷನ್ ತಪಾಸಣೆ ಬೇಕು ಅಂತ ನಮೂದಾಗುತ್ತೆ. ಆಮೇಲೆ ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಅನುಮತಿ ಬೇಕಾಗುತ್ತೆ.

ಹೆಜ್ಜೆ 2: ಹೆಸರು

ಮುಗ್ಗರಿಸುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ನಮ್ಮ ಕಡೆಯವರಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಕೊನೆಗೆ ಅವರ ಹೆಸರು. ಒಬ್ಬರು ಕೆ.ಎಚ್. ರಂಗಸ್ವಾಮಿ ಅಂತಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಂಗಸ್ವಾಮಿ ಕೆ ಎಚ್’. ಆಧಾರ್‌ನಲ್ಲಿ ಬರೀ ‘ರಂಗಸ್ವಾಮಿ’. ಪ್ಯಾನ್‌ನಲ್ಲಿ ‘ಕಲ್ಲೂರು ಹನುಮಂತಯ್ಯ ರಂಗಸ್ವಾಮಿ’. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಾತ್ರ ಎರಡೇ ಖಾನೆ: ಗಿವನ್ ನೇಮ್, ಸರ್‌ನೇಮ್. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು.

ಜನ ಏನು ಮಾಡುತ್ತಾರೆ? ಸರ್‌ನೇಮ್ ಖಾನೆ ಖಾಲಿ ಬಿಡುತ್ತಾರೆ. ಇಲ್ಲವೇ ಸೈಬರ್ ಸೆಂಟರ್ ಹುಡುಗನ ಕೈಗೆ ಕಾಗದವೆಲ್ಲ ಕೊಟ್ಟು ಕಾಫಿ ಕುಡಿಯಲು ಹೋಗುತ್ತಾರೆ. ಅವನು ಅವಸರದಲ್ಲಿ ತೋಚಿದ್ದು ತುಂಬಿಸಿರುತ್ತಾನೆ. ಖಾನೆ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತೆ ನಿಜ. ತೊಡಕು ಆಮೇಲೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದುಬಿಟ್ಟಿತು. ಪುಸ್ತಕದ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅಂತ ಆಮೇಲೆ ಸಡಿಲಿಸಿತು. ಆದರೂ ಕೌಂಟರಿನಲ್ಲಿ ನಿಂತು ವಾದ ಮಾಡುವ ಕಷ್ಟ ಯಾರಿಗೆ ಬೇಕು?

ನನ್ನ ಸಲಹೆ ಖಡಾಖಂಡಿತ. ಗಿವನ್ ನೇಮ್‌ನಲ್ಲಿ ನಿಮ್ಮ ಹೆಸರು, ಸರ್‌ನೇಮ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಊರಿನ ಹೆಸರು ದಾಖಲೆಯಲ್ಲಿ ಇದ್ದೇ ಇದೆ ಅಂದರೆ ಮಾತ್ರ ಸೇರಿಸಿ. ಆದರೆ ಅರ್ಜಿ ಹಾಕುವ ಮುಂಚೆ ಆಧಾರ್ ಸರಿಪಡಿಸಿಕೊಳ್ಳಿ, ಅದನ್ನೂ ಯೋಚನೆ ಮಾಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವುದು ಎರಡೇ ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ.

ಇಂಗ್ಲಿಷ್ ಕಾಗುಣಿತವೂ ಅಷ್ಟೇ. ಲಕ್ಷ್ಮಮ್ಮ ಒಂದು ಕಡೆ ‘ಕೆಎಸ್‌ಎಚ್’, ಇನ್ನೊಂದು ಕಡೆ ‘ಎಕ್ಸ್’. ವೆಂಕಟೇಶ್‌ಗೆ ಕೊನೆಯಲ್ಲಿ ‘ಎ’ ಒಮ್ಮೆ ಇರುತ್ತೆ, ಒಮ್ಮೆ ಇರಲ್ಲ. ಎಲ್ಲ ಕಾಗದವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ. ಹುಟ್ಟಿದ ದಿನಾಂಕವನ್ನೂ ಹಾಗೇ ನೋಡಿ. ಹಳೆಯ ತಲೆಮಾರಿನ ಅರ್ಧ ಊರು ಶಾಲೆಯ ದಾಖಲೆಯಲ್ಲಿ ಜೂನ್ 1ರಂದೋ ಜನವರಿ 1ರಂದೋ ಹುಟ್ಟಿದೆ ಅಲ್ವಾ? ಅದೇ ತಾರೀಕು ಎಲ್ಲಾ ಕಡೆ ಇದ್ದರೆ ಚಿಂತೆಯಿಲ್ಲ. ಮಕ್ಕಳ ವಿಷಯ ಬೇರೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಗಬೇಕು, ಬೇರೆ ಕಾಗದ ನಡೆಯುವುದಿಲ್ಲ.

ಇನ್ನು ಟಿಕೆಟ್‌ನಲ್ಲಿ ಹೆಸರು ಬರೆಯುವುದು. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಯಂತ್ರಾಕ್ಷರ ಇರುತ್ತೆ. ಮೇಲಿನ ಸಾಲಿನಲ್ಲಿ ‘ಐಎನ್‌ಡಿ’ ಆದಮೇಲೆ ಬರುವುದು ಸರ್‌ನೇಮ್. ನಂತರ ಬಾಣದ ತುದಿಯಂಥ ಎರಡು ಗುರುತು. ಅದಾದ ಮೇಲೆ ಗಿವನ್ ನೇಮ್. ಟಿಕೆಟ್‌ನ ‘ಲಾಸ್ಟ್ ನೇಮ್’, ‘ಫಸ್ಟ್ ನೇಮ್’ ಖಾನೆಗಳಿಗೆ ಇದನ್ನೇ ನೋಡಿ ತುಂಬಿ. ಮನೆಯಲ್ಲಿ ಕರೆಯುವ ಹೆಸರಿನಿಂದಲ್ಲ, ನೆನಪಿನಿಂದಲೂ ಅಲ್ಲ.

ಪಕ್ಕದ ಬೀದಿಯ ದಂಪತಿ ದುಬೈನ ಮಗಳ ಮನೆಗೆ ಹೊರಟಿದ್ದರು. ಟಿಕೆಟ್ ಮಾಡಿಸಿದ್ದು ಬೆಂಗಳೂರಿನ ಮಗ. ಅವನ ಫೋನಿನಲ್ಲಿ ಹೆಸರು ತಾನಾಗೇ ತುಂಬಿಕೊಳ್ಳುವ ಸೌಲಭ್ಯ ಇತ್ತು. ಮಗನ ಸರ್‌ನೇಮ್ ಅಂದರೆ ಅಪ್ಪನ ಹೆಸರು. ಟಿಕೆಟ್‌ನಲ್ಲಿ ಅಪ್ಪನಿಗೆ ಅವರ ಹೆಸರೇ ಎರಡು ಸಲ ಬಿತ್ತು, ಅಮ್ಮನಿಗೆ ಅವರ ಅಪ್ಪನ ಹೆಸರಿನ ಬದಲು ಗಂಡನ ಹೆಸರು. ಹೊರಡುವ ಹಿಂದಿನ ವಾರ ಅದನ್ನು ಸರಿ ಮಾಡಿಸಲು ಪಟ್ಟ ಪಾಡು, ಕಟ್ಟಿದ ದುಡ್ಡು ಅವರಿಗೇ ಗೊತ್ತು. ಒಂದೆರಡು ಅಕ್ಷರ ತಪ್ಪಾದರೆ ಏರ್‌ಲೈನ್‌ಗಳು ತಿದ್ದಿಕೊಡುತ್ತವೆ. ಇಡೀ ಹೆಸರೇ ಬೇರೆ ಆದರೆ ಕಷ್ಟ.

ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ? ಕೆಲವು ಏರ್‌ಲೈನ್ ಒಂದೇ ಹೆಸರನ್ನು ಎರಡೂ ಖಾನೆಯಲ್ಲಿ ಬರೆಯಿರಿ ಅನ್ನುತ್ತವೆ, ಕೆಲವಕ್ಕೆ ಬೇರೆ ಪದ್ಧತಿ. ಬುಕ್ ಮಾಡುವ ಮುಂಚೆ ಆ ಏರ್‌ಲೈನ್‌ಗೇ ಕೇಳಿ. ಪದೇ ಪದೇ ಹೋಗುವವರು ಮರುವಿತರಣೆಗೆ ಅರ್ಜಿ ಹಾಕಿ ಸರಿಪಡಿಸಿಕೊಳ್ಳುವುದೇ ಒಳ್ಳೆಯದು.

ಕೊನೆಯದಾಗಿ ಅವಧಿ. ತುಂಬಾ ದೇಶಗಳು ನೀವು ಕಾಲಿಡುವ ದಿನದಿಂದ ಇನ್ನೂ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು ಅನ್ನುತ್ತವೆ.

ಹೆಜ್ಜೆ 3: ದೇಶ ಮತ್ತು ವೀಸಾ

ಮೊದಲ ಸಲ ಹೊರಟವರಿಗೆ ವೀಸಾ ಖರ್ಚಿಲ್ಲದ ದೇಶವೇ ಸರಿ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತದ ಪ್ರವಾಸಿಗರಿಗೆ ವೀಸಾ ಕೈಬಿಟ್ಟಿತು, ಮಲೇಷ್ಯಾ ಅದೇ ಡಿಸೆಂಬರ್‌ನಲ್ಲಿ. ಇಂಥ ರಿಯಾಯಿತಿಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ತೆಗೆಯುವ ದಿನ ಆ ದೇಶದ ರಾಯಭಾರ ಕಚೇರಿಯ ತಾಣ ನೋಡಿ, ಯೂಟ್ಯೂಬ್ ಅಲ್ಲ. ಎರಡೂ ದೇಶಕ್ಕೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ. ಡಾಲರ್ ಕೇಳಿತು ಅಂದರೆ ನೀವು ನಕಲಿ ತಾಣದಲ್ಲಿದ್ದೀರಿ.

ನೇಪಾಳಕ್ಕೆ ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ತೋರಿಸಿ ಹೋಗಬಹುದು ಅನ್ನುವುದು 15ಕ್ಕಿಂತ ಕಿರಿಯರಿಗೆ, 65 ದಾಟಿದವರಿಗೆ ಮಾತ್ರ. ಭೂತಾನ್ ಹತ್ತಿರ ಅಂತ ಅಗ್ಗ ಅಂದುಕೊಳ್ಳಬೇಡಿ. ಭಾರತೀಯರು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕಟ್ಟಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, 90 ಯೂರೋ ಶುಲ್ಕ. ವೀಸಾ ಸಿಗದಿದ್ದರೆ ಅದು ವಾಪಸ್ ಬರಲ್ಲ. ‘ವೀಸಾ ಗ್ಯಾರಂಟಿ’ ಅನ್ನುವ ಏಜೆಂಟರಿಗೆ ಕೈಮುಗಿದು ಎದ್ದು ಬನ್ನಿ.

ಇನ್ನೊಂದು ಮಾತು ಹುಡುಗರಿಗೆ. ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಟಿಕೆಟ್ ನಾವೇ ಕೊಡುತ್ತೇವೆ ಅಂತ ಯಾರಾದರೂ ಟೂರಿಸ್ಟ್ ಆಗಿ ಕರೆದರೆ ಹೋಗಬೇಡಿ. ಹಾಗೆ ಹೋದ ಎಷ್ಟೋ ಭಾರತೀಯರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಿಗೆ ತಳ್ಳಿದ್ದಾರೆ. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಹೆಜ್ಜೆ 4: ಟಿಕೆಟ್

ಹುಡುಕುವುದು ಯಾವ ಆ್ಯಪ್‌ನಲ್ಲಾದರೂ ಹುಡುಕಿ, ಕೊಳ್ಳುವುದು ಏರ್‌ಲೈನ್‌ನ ತಾಣದಲ್ಲೇ. ಐನೂರು ರೂಪಾಯಿ ಉಳಿಸಲು ಹೋಗಿ, ದಿನಾಂಕ ಬದಲಿಸುವಾಗ ಆ್ಯಪ್‌ನವರು ಏರ್‌ಲೈನ್‌ನತ್ತ, ಏರ್‌ಲೈನ್‌ನವರು ಆ್ಯಪ್‌ನತ್ತ ಕೈ ತೋರಿಸುವುದನ್ನು ಎಷ್ಟು ಸಲ ನೋಡಿದ್ದೇನೋ. ಬ್ರೌಸರ್‌ನ ಇನ್‌ಕಾಗ್ನಿಟೋದಲ್ಲಿ, ಅಂದರೆ ಹುಡುಕಿದ್ದು ನೆನಪಿಡದ ಕಿಟಕಿಯಲ್ಲಿ ಹುಡುಕಿದರೆ ದರ ಇಳಿಯುತ್ತೆ ಅನ್ನುವುದು ಸುಮ್ನೆ ಮಾತು. ದಸರಾ ರಜೆ, ಡಿಸೆಂಬರ್ ಕೊನೆ ಬಿಟ್ಟು ಹೊರಡಿ. ಅದೇ ದೊಡ್ಡ ಉಳಿತಾಯ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದ ಅಗ್ಗದ ಪ್ರಯಾಣ ಬೇಡವೇ ಬೇಡ. ನಡುವಿನ ಊರಲ್ಲಿ ಲಗೇಜ್ ನೀವೇ ತೆಗೆದು ಮತ್ತೆ ಹಾಕಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ.

ಹೆಜ್ಜೆ 5: ವಿಮೆ ಮತ್ತು ದುಡ್ಡು

ಟಿಕೆಟ್ ಜೊತೆ ಟಿಕ್ ಹಾಕಿಸುವ ವಿಮೆ ನಂಬಬೇಡಿ. ಆಸ್ಪತ್ರೆ ಖರ್ಚಿಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಮೊದಲು ಓದಿ. ಬಿಪಿ, ಶುಗರ್ ಇದ್ದರೆ ಬಚ್ಚಿಡದೆ ಹೇಳಿ, ಇಲ್ಲದಿದ್ದರೆ ಕ್ಲೇಮ್ ಬಿದ್ದುಹೋಗುತ್ತೆ.

ಸ್ವಲ್ಪ ನಗದು, ವಿದೇಶಿ ಹಣ ತುಂಬಿಸಿಕೊಳ್ಳುವ ಒಂದು ಫಾರೆಕ್ಸ್ ಕಾರ್ಡ್, ಬೇರೆ ಜೇಬಿನಲ್ಲಿ ಇನ್ನೊಂದು ಕಾರ್ಡ್. ಏರ್‌ಪೋರ್ಟ್ ಕೌಂಟರಿನಲ್ಲಿ ನೋಟು ಬದಲಿಸುವುದು ಕೊನೆಯ ದಾರಿ. ಅಂಗಡಿಯವನು ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಅಂತ ಕೇಳುತ್ತೆ. ನಮ್ಮ ರೂಪಾಯಿ ಕಂಡು ಖುಷಿಯಾಗಿ ಹೂಂ ಅಂದರೆ ದರ ಜಾಸ್ತಿ ಬೀಳುತ್ತೆ. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ. ಪ್ಯಾಕೇಜ್ ಟೂರ್ ಆದರೆ ಕಂಪನಿ ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತೆ. ಅದು ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತೆ, ರಸೀದಿ ಬಿಸಾಡಬೇಡಿ.

ಹೆಜ್ಜೆ 6: ಬ್ಯಾಗು

ತಿಪಟೂರು ಕಡೆಯವರು ಮುನಿಸಿಕೊಳ್ಳಬಾರದು, ಒಣ ಕೊಬ್ಬರಿ ವಿಮಾನಕ್ಕೆ ಆಗುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕು ಅಂತ ವಿಮಾನಯಾನದ ನಿಯಮದಲ್ಲೇ ಇದೆ. ಗಸಗಸೆಯನ್ನಂತೂ ಯುಎಇಗೆ ಒಂದು ಚಿಟಿಕೆಯೂ ಒಯ್ಯಬೇಡಿ. ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತೆ, ಜೈಲು ಸೇರಿದವರಿದ್ದಾರೆ. ಮಸಾಲೆ ಪುಡಿ ಮನೆಯಲ್ಲೇ ಮಾಡಿದ್ದಾದರೆ ಅದಕ್ಕೆ ಏನೇನು ಹಾಕಿದ್ದೀರಿ ನೆನಪು ಮಾಡಿಕೊಳ್ಳಿ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮಾತ್ರೆಗಳನ್ನು ಬಿಡಿಸದೆ ಸ್ಟ್ರಿಪ್‌ನಲ್ಲೇ, ಡಾಕ್ಟರ ಚೀಟಿ ಜೊತೆ ಇಡಿ. ರಸ್ತೆ ಬದಿಯ ನೂರು ರೂಪಾಯಿ ಅಡಾಪ್ಟರ್ ಕೊಳ್ಳಬೇಡಿ, ಪ್ಲಗ್ ನಿಲ್ಲದೆ ಕಿಡಿ ಹಾರುತ್ತೆ. ದುಬೈ, ಸಿಂಗಪುರ, ಮಲೇಷ್ಯಾಕ್ಕೆ ಮೂರು ಚಪ್ಪಟೆ ಪಿನ್ನಿನದು ಬೇಕು.

ಹೆಜ್ಜೆ 7: ಏರ್‌ಪೋರ್ಟ್

ಮೂರು ಗಂಟೆ ಮುಂಚೆ ಇರಿ. ತುಮಕೂರಿನಿಂದ ಬೆಂಗಳೂರು ಹೊಕ್ಕು ಹೋಗುವ ಅಗತ್ಯವಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಕೋಲಾರದವರಿಗೆ ಹೊಸಕೋಟೆ ದಾರಿ, ಚಿಕ್ಕಬಳ್ಳಾಪುರದವರಿಗೆ ಹೆದ್ದಾರಿಯೇ ಬಾಗಿಲಿಗೆ ಬಿಡುತ್ತೆ. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ, ಡ್ರೈವರ್‌ಗೆ ಮೊದಲೇ ಹೇಳಿ. ವಾರಗಟ್ಟಲೆ ಹೋಗುವವರು ಕಾರು ಅಲ್ಲೇ ನಿಲ್ಲಿಸುವುದಕ್ಕಿಂತ ಟ್ಯಾಕ್ಸಿಗೆ ಹೋಗಿ ಬನ್ನಿ, ಪಾರ್ಕಿಂಗ್ ಬಿಲ್ ನೋಡಿದವರು ಎರಡನೇ ಸಲ ಕಾರು ಬಿಟ್ಟದ್ದು ಕಂಡಿಲ್ಲ.