ಕೋಳಿಮರಿ ಬಲ್ಬು, ನನ್ನ ಉಳಿಗಳು

ಬೆಂಗಳೂರು ಕಾಮಾಕ್ಷಿಪಾಳ್ಯದ ನಮ್ಮ ಮರಗೆಲಸದ ಶೆಡ್ಡಿಗೆ ತಗಡಿನ ಚಾವಣಿ. ಒಂದು ಹನಿ ಸೋರಲ್ಲ. ಆದರೂ ಪ್ರತಿ ವರ್ಷ ದಸರಾ ಕಳೆಯೋ ಹೊತ್ತಿಗೆ ಉಳಿಗಳ ಮೈಮೇಲೆ ತುಕ್ಕಿನ ಕೆಂಪು ಪುಡಿ. ಎರಡು ವರ್ಷ ಮಳೆಯನ್ನೇ ಬೈದೆ. ತಪ್ಪು ಉಳಿಗಳನ್ನಿಡೋ ನನ್ನ ತಗಡಿನ ಟ್ರಂಕಿನದು.

ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೇ ಹೋಗಿ ಟ್ರಂಕು ತೆಗೆದೆ. ಮುಚ್ಚಳದ ಒಳಮೈ ತುಂಬಾ ನೀರಿನ ಹನಿ! ಸಂಜೆಯ ಗಾಳಿಯನ್ನು ಒಳಗಿಟ್ಟು ಮುಚ್ಚುತ್ತಿದ್ದೆ, ರಾತ್ರಿ ತಗಡು ತಣ್ಣಗಾಗಿ ಒಳಗೇ ಮಂಜು. ಅದಕ್ಕೂ ಮೊದಲು ಮುನ್ನೂರು ರೂಪಾಯಿ ಕೊಟ್ಟು ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಬೇರೆ ಹಾಕಿಸಿದ್ದೆ, ಗಾಳಿ ಆಡಬಾರದು ಅಂತ. ಒಳಗೆ ಬಂದ ತೇವ ಹೊರಗೆ ಹೋಗದ ಹಾಗೆ ನಾನೇ ಕಾವಲು ಹಾಕಿದಂತಾಯಿತು.

ಉಳಿಗಳನ್ನು ಸುತ್ತಿಡೋಕೆ ಚರ್ಮದ ಸುರುಳಿ ಚೀಲ ಹೊಲಿಸಿದ್ದು ಇನ್ನೊಂದು ದಡ್ಡತನ. ಸಾವಿರದ ಎಂಟುನೂರೋ ಏನೋ ಆಯ್ತು. ನೋಡೋಕೆ ಭಾರಿ ಗತ್ತು. ಆದರೆ ಹದ ಮಾಡುವಾಗಿನ ಉಪ್ಪು, ಹುಳಿ ಚರ್ಮದಲ್ಲೇ ಉಳಿದಿರುತ್ತೆ, ತೇವವನ್ನೂ ಹಿಡಿದಿಟ್ಟುಕೊಳ್ಳುತ್ತೆ. ಅರ್ಧ ಇಂಚಿನ ಉಳಿಗೆ ಬಾಯಿ ಹತ್ತಿರವೇ ಗುಳಿ ಬಿತ್ತು. ಸಾಣೆ ಹಿಡಿದು ಹಿಡಿದು ಕಾಲಿಂಚು ಸವೆಸಿದ ಮೇಲೆ ಸರಿಹೋಯ್ತು.

ಕೊಬ್ಬರಿ ಎಣ್ಣೆ ಸವರಿದೆ. ಜನವರಿ ಚಳಿಗೆ ಗಟ್ಟಿ, ಬೇಸಿಗೆಗೆ ಅಂಟು, ಅಂಟಿನ ಮೇಲೆ ಮರದ ಪುಡಿ. ತೇವ ಹೀರೋ ನೀಲಿ ಸಿಲಿಕಾ ಜೆಲ್ ಹರಳು ಅರ್ಧ ಕೇಜಿ ತಂದೆ, ಹತ್ತೇ ದಿನಕ್ಕೆ ತೇವ ತುಂಬಿ ಗುಲಾಬಿ ಬಣ್ಣ. ಒಣಗಿಸೋಕೆ ಅಂತ ಮನೆಯ ತವದ ಮೇಲೆ ಹುರಿಯೋಕೆ ಹೋದರೆ ಹೆಂಡತಿ ಅಡುಗೆಮನೆಯಿಂದ ಅಟ್ಟಿದಳು. ಆ ನೀಲಿ ಕೋಬಾಲ್ಟಿನದು, ಅದು ವಿಷ. ಅವಳದ್ದೇ ಸರಿ.

ಕೊನೆಗೆ ಟ್ರಂಕು ಬಿಟ್ಟು, ಉಳಿದಿದ್ದ ಪ್ಲೈವುಡ್ಡಿನಲ್ಲಿ ಗೋಡೆ ಬೀರು ಮಾಡಿದೆ. ಗೋಡೆಗೆ ತಾಗದಂತೆ ಹಿಂದೆ ಒಂದಿಂಚು ಜಾಗ, ಕೆಳಗೂ ಮೇಲೂ ತೂತು, ಕೆಳಗಿನ ಖಾನೆಯಲ್ಲಿ ಜಾಲರಿಯೊಳಗೆ 15 ವ್ಯಾಟಿನ ತಂತಿ ಬಲ್ಬು. ಕೋಳಿಮರಿಗೆ ಕಾವು ಕೊಡೋಕೆ ಇಡ್ತಾರಲ್ಲ, ಆ ಥರ. ಕಾವಿದ್ದರೆ ಒಳಗೆ ಹನಿ ಕಟ್ಟಲ್ಲ. ಎಲ್‌ಇಡಿ ಅಷ್ಟು ಕಾವು ಕೊಡಲ್ಲ, ಹಳೇ ಬಲ್ಬೇ ಬೇಕು. ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಅಲೆದೆ. ರಾತ್ರಿ ಹನ್ನೆರಡು ಗಂಟೆ ಉರಿದರೆ ತಿಂಗಳಿಗೆ ಐದಾರು ಯೂನಿಟ್. ಎಣ್ಣೆ ಬಟ್ಟೆ ಮಾತ್ರ ಆ ಖಾನೆ ಹತ್ತಿರ ಬೇಡ. ಒಂದು ಸಲ ಸುಟ್ಟ ವಾಸನೆ ಮೂಗಿಗೆ ಬಡಿದಿದೆ.

"ಉಳಿ ಮೊಟ್ಟೆ ಇಡುತ್ತಾ ಸ್ವಾಮಿ?" ಅಂತ ಪಕ್ಕದ ಮೇಸ್ತ್ರಿ ನಕ್ಕಿದ್ದ. ಎರಡು ಮಳೆಗಾಲ ಕಳೆದವು, ಮರ ಹೆರೆಯೋ ನನ್ನ ಬೀಡುಕಬ್ಬಿಣದ ತೋಪಡದ ತಳ ಇನ್ನೂ ಕನ್ನಡಿ. ಮೇಲೆ ಸವರೋದು ಜೇನುಮೇಣ, ಹೊಲಿಗೆ ಮಿಷನ್ ಎಣ್ಣೆ, ಇನ್ನೊಂದು ವಸ್ತು. ಅದು ನನ್ನಲ್ಲೇ ಇರಲಿ.

ಆಯುಧ ಪೂಜೆ ಬಗ್ಗೆಯೂ ಹೇಳಿಬಿಡ್ತೀನಿ. ಒದ್ದೆ ಕುಂಕುಮ, ನಿಂಬೆಹಣ್ಣಿನ ರಸ ರಾತ್ರಿಯೆಲ್ಲಾ ಉಕ್ಕಿನ ಮೇಲೆ ಕೂತರೆ ಬೆಳಿಗ್ಗೆ ಅದೇ ಆಕಾರದ ಕಲೆ. ಈಗ ಕುಂಕುಮ ಹಿಡಿಗೆ ಮಾತ್ರ. ಅಮ್ಮ ಒಪ್ಪಿದ್ದಾಳೆ, ಗೊಣಗಿಕೊಂಡೇ.

ಮೇಸ್ತ್ರಿ ಹೋದ ವಾರ ಟೇಪು ಹಿಡಿದು ಬೀರು ಅಳೆದುಕೊಂಡು ಹೋದ. ಇನ್ನಾರಿಂಚು ಉದ್ದ ಇಟ್ಟುಕೋ ಅಂದೆ. ನನ್ನ ಗರಗಸಗಳು ಬೀರಿನೊಳಗೆ ಹಿಡಿಸದೆ ಇನ್ನೂ ಹೊರಗೇ ನೇತಾಡ್ತಿವೆ.